ಕುಬ್ಜರ ಕೋಟೆಯ ಕಳ್ಳ ಕೋತಿಗಳು: ಹೊಗಳಿಕೆಗೊಂದು ತಕರಾರು

ಟಾರ್ನ್ ಮತ್ತು ಝ್ಯಾಕ್ ಆಡಮ್ಸ್ ಸಹೋದರರ 'ಡ್ವಾರ್ಫ್ ಫೋರ್ಟ್ರೆಸ್' (ಕುಬ್ಜರ ಕೋಟೆ) ಎಂಬ ಕಂಪ್ಯೂಟರ್ ಆಟ 2006ರಲ್ಲಿ ಬಿಡುಗಡೆಯಾಗಿ, 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಸೇರಿತು. ಅದರ ಹಿರಿಮೆಯನ್ನು ಮತ್ತೆ ಸಾರಬೇಕಾಗಿಲ್ಲ. ಆದರೆ ಅದರ ಜೀವಲೋಕದ ಆಳಕ್ಕೆ ಸಾಕ್ಷಿಯಾಗಿ ಕಳ್ಳ ಕೋತಿಗಳನ್ನು ಮುಂದೊಡ್ಡುವ ವಾಡಿಕೆ ಪರೀಕ್ಷೆಗೆ ನಿಲ್ಲುವುದಿಲ್ಲ.

ಈ ಕೋತಿಗಳು ಉತ್ತರ ಭಾರತದ ಊರುಗಳಿಗೆ ಪರಿಚಿತವಾದ ರೀಸಸ್ ಜಾತಿಯವು. ಹಿಂಡಾಗಿ ಕುಬ್ಜರ ಕೋಟೆಗೆ ನುಗ್ಗಿ, ವಸ್ತುವೊಂದನ್ನು ಎತ್ತಿಕೊಂಡು ಭೂಪಟದ ಅಂಚಿನತ್ತ ಓಡುತ್ತವೆ. ಅಂಚು ದಾಟಿತೆಂದರೆ ಆ ವಸ್ತು ಕೋಟೆಗೆ ಎರವಾದಂತೆಯೇ. ಇದನ್ನೆಲ್ಲ ನಡೆಸುವುದು ಪ್ರಾಣಿಗಳ ಲಕ್ಷಣಗಳನ್ನು ದಾಖಲಿಸಿದ, ಆಟಗಾರರೂ ತೆರೆದು ಓದಬಹುದಾದ ಪಠ್ಯಕಡತದಲ್ಲಿನ 'ಕುತೂಹಲಿ ಮೃಗ' ಎಂಬರ್ಥದ ಒಂದು ಗುರುತು. ಅದೇ ಗುರುತು ನ್ಯೂಜಿಲೆಂಡಿನ ಕಿಯಾ ಗಿಳಿಗೂ ಇರುವುದರಿಂದ, ರೆಕ್ಕೆಯೊಂದನ್ನು ಬಿಟ್ಟರೆ ಗಿಳಿಯ ಕಳವಿಗೂ ಕೋತಿಯ ಕಳವಿಗೂ ಭೇದವಿಲ್ಲ. ಕುತೂಹಲವೆಂದ ಮೇಲೆ ವಸ್ತುವನ್ನು ತಿರುವಿ ನೋಡಬೇಕು, ಮೂಸಬೇಕು, ಬೇಸರ ಬಂದರೆ ಎಸೆಯಬೇಕು. ಇಲ್ಲಿ ಕೋತಿ ಬರುತ್ತದೆ, ಎತ್ತುತ್ತದೆ, ಹೋಗುತ್ತದೆ, ಸುಂಕದವನಂತೆ. ನಿಜಲೋಕದಲ್ಲಾದರೆ, ಬಾಲಿ ದ್ವೀಪದ ಉಲುವಾತು ದೇವಾಲಯದ ಉದ್ದಬಾಲದ ಕೋತಿಗಳು ಪ್ರವಾಸಿಗರ ಕನ್ನಡಕ ಕಸಿದು, ತಿಂಡಿ ಸಿಕ್ಕ ಮೇಲೆ ಮರಳಿಸುತ್ತವೆ. ಬಲಿತ ಕೋತಿಗಳು ಹೆಚ್ಚು ತಿಂಡಿ ತರಬಲ್ಲ ವಸ್ತುಗಳನ್ನೇ ಆರಿಸುತ್ತವೆಂದು 2021ರ ಅಧ್ಯಯನವೊಂದು ತೋರಿಸಿದೆ. ಆ ಕಳವಿನ ಹಿಂದೆ ಕಲಿಕೆಯಿದೆ, ಚೌಕಾಸಿಯಿದೆ. ಆಟದ ಕೋತಿಗೆ ಎರಡೂ ಇಲ್ಲ.

ಆಟದ ಸೂಕ್ಷ್ಮತೆಯನ್ನು ಅಲ್ಲಗಳೆಯುವಂತಿಲ್ಲವೆಂಬುದು ನಿಜ. ಚರ್ಮ, ಕೊಬ್ಬು, ಸ್ನಾಯು, ಮೂಳೆಗಳನ್ನು ಪದರಪದರವಾಗಿ ಲೆಕ್ಕವಿಟ್ಟು, ಪೆಟ್ಟು ಬಿದ್ದಾಗ ಯಾವ ಅಂಗಕ್ಕೆ ಎಂಥ ಗಾಯವಾಯಿತೆಂದು ಅದು ವರದಿ ಮಾಡುತ್ತದೆ. ವಿಚಿತ್ರವೆಂದರೆ, ಕೋತಿಯ ದೇಹಕ್ಕೆ ಸಂದ ಈ ಶ್ರದ್ಧೆಯಲ್ಲಿ ಕಾಲುಪಾಲೂ ಅದರ ಬುದ್ಧಿಗೆ ಸಂದಿಲ್ಲ.

ಸರಳ ನಿಯಮಗಳ ಘರ್ಷಣೆಯಿಂದ ಅನಿರೀಕ್ಷಿತ ಕಥೆ ತಾನಾಗಿ ಮೂಡುವುದನ್ನು 'ಹೊಮ್ಮುವ ಕಥನ'ವೆಂದು ಕರೆಯುವ ವಿಮರ್ಶಕರು ಈ ಕಳ್ಳತನವನ್ನೂ ಅದೇ ಲೆಕ್ಕಕ್ಕೆ ಹಾಕುತ್ತಾರೆ. ಅವರ ವಾದದಲ್ಲೊಂದು ಕೈಚಳಕವಿದೆ: ಕಥೆಯಾಗುವುದು ವಸ್ತುವನ್ನು ಕಳೆದುಕೊಂಡ ಕುಬ್ಜನ ದುಃಖ ಮತ್ತು ಆಟಗಾರನ ಸಿಟ್ಟು, ಕೋತಿ ಅದಕ್ಕೆ ನೆಪ ಮಾತ್ರ. ನೆಪವನ್ನೇ ಪಾತ್ರವೆಂದು ಮೆರೆಸುವುದು ವಿಮರ್ಶೆಯಲ್ಲ, ಅಭಿಮಾನ. ಕರ್ತೃಗಳಿಗೆ ಶಕ್ತಿ ಸಾಲದೆಂಬ ಸಬೂಬೂ ನಡೆಯದು, ಏಕೆಂದರೆ 2020ರ ಆವೃತ್ತಿಯಲ್ಲಿ ಅವರೇ ಖಳರ ಸಂಚುಗಳನ್ನು ಸೇರಿಸಿ, ಅಪೂರ್ವ ಕಲಾವಸ್ತುಗಳ ಕಳವಿಗೆ ಹುನ್ನಾರವನ್ನೂ ಒಳಗಿನ ದ್ರೋಹಿಗಳನ್ನೂ ಒದಗಿಸಿಕೊಟ್ಟರು. ಕೋತಿಯ ಪಾಲಿಗೆ ಮಾತ್ರ ಕಡತದಲ್ಲಿನ ಆ ಒಂದು ಗುರುತೇ ಗತಿಯಾಯಿತು.