ರೇಡಿಯೇಟರ್ ಫ್ಯಾನಿಗೆ ‘ಡೈರೆಕ್ಟ್’: ಒಂದು ದುರಸ್ತಿ ಪದ್ಧತಿಯ ವಿಮರ್ಶೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ಊರುಗಳಲ್ಲಿ ಕಾರಿನ ಎಸಿ ತಂಪು ಕೊಡದಿದ್ದಾಗ ನಡೆಯುವ ದುರಸ್ತಿಯಲ್ಲಿ ಎರಡು ಪರಿಹಾರಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು, ಗ್ಯಾಸ್ ತುಂಬಿಸುವುದು. ಇನ್ನೊಂದು, ರೇಡಿಯೇಟರ್ ಫ್ಯಾನಿಗೆ ‘ಡೈರೆಕ್ಟ್’ ಕೊಡುವುದು, ಅಂದರೆ ರಿಲೇ, ಸೆನ್ಸರುಗಳನ್ನೆಲ್ಲ ಬದಿಗಿರಿಸಿ ಬ್ಯಾಟರಿಯಿಂದಲೋ ಇಗ್ನಿಷನ್ ಲೈನಿನಿಂದಲೋ ಒಂದು ಸ್ವಿಚ್ಚಿನ ಮೂಲಕ ಫ್ಯಾನಿಗೆ ನೇರವಾಗಿ ಕರೆಂಟು ಹಾಯಿಸುವುದು. ಎರಡೂ ತಕ್ಷಣಕ್ಕೆ ಫಲ ಕೊಡುವುದುಂಟು; ಆದರೆ ದೋಷ ಎಲ್ಲಿದೆಯೆಂದು ಹುಡುಕುವ ಕೆಲಸವನ್ನು ಎರಡೂ ಅರ್ಧಕ್ಕೇ ನಿಲ್ಲಿಸುತ್ತವೆ ಎಂಬುದೇ ಈ ಪದ್ಧತಿಯ ಮೇಲಿನ ಮುಖ್ಯ ಆಕ್ಷೇಪ.

ಎಸಿ ಗುಂಡಿ ಒತ್ತಿದೊಡನೆ ಕಂಪ್ರೆಸರ್ ತಿರುಗುವುದಿಲ್ಲ. ಆ ಕೋರಿಕೆ ಮೊದಲು ಎಂಜಿನ್ನಿನ ನಿಯಂತ್ರಣ ಘಟಕಕ್ಕೆ, ಅಂದರೆ ಇಸಿಎಂಗೆ ಹೋಗುತ್ತದೆ. ಅದು ಗ್ಯಾಸಿನ ಒತ್ತಡವನ್ನು ಪ್ರೆಷರ್ ಸ್ವಿಚ್ಚಿನಿಂದಲೂ, ಒಳಗಿನ ಕೂಲಿಂಗ್ ಕಾಯಿಲ್ ಹೆಪ್ಪುಗಟ್ಟುತ್ತಿದೆಯೇ ಎಂಬುದನ್ನು ಅದಕ್ಕೆ ಅಂಟಿಕೊಂಡ ಸೆನ್ಸರಿನಿಂದಲೂ, ಎಂಜಿನ್ ಶಾಖವನ್ನು ಕೂಲೆಂಟ್ ಸೆನ್ಸರಿನಿಂದಲೂ ತಿಳಿದುಕೊಂಡ ಮೇಲೆ, ಎಲ್ಲವೂ ಮಿತಿಯೊಳಗಿದ್ದರೆ ಮಾತ್ರ, ಕಂಪ್ರೆಸರಿನ ವಿದ್ಯುತ್ಕಾಂತೀಯ ಕ್ಲಚ್ಚನ್ನೂ ಫ್ಯಾನನ್ನೂ ರಿಲೇಗಳ ಮೂಲಕ ಚಾಲೂ ಮಾಡುತ್ತದೆ. ಎಂಜಿನ್ ಮಿತಿಮೀರಿ ಕಾದರೆ ಇಸಿಎಂ ತಾನಾಗಿಯೇ ಕಂಪ್ರೆಸರನ್ನು ಕಡಿಯುತ್ತದೆ. ಆದ್ದರಿಂದ ‘ಎಸಿ ಕೆಲಸ ಮಾಡುತ್ತಿಲ್ಲ’ ಎಂಬ ದೂರು ಎಷ್ಟೋ ಸಲ ಎಸಿಯದ್ದಾಗಿರುವುದಿಲ್ಲ, ಕಾರು ತನ್ನನ್ನು ಕಾಪಾಡಿಕೊಳ್ಳುತ್ತಿರುವುದರ ಸೂಚನೆಯಾಗಿರುತ್ತದೆ.

ಈ ಭಾಗದ ರಸ್ತೆಗಳೇ ಒಂದು ಒಳ್ಳೆಯ ಪರೀಕ್ಷೆಯನ್ನು ಒದಗಿಸುತ್ತವೆ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ವೇಗವಾಗಿ ಬರುವ ಕಾರಿನ ಮುಂಭಾಗಕ್ಕೆ ಗಾಳಿ ತಾನಾಗಿಯೇ ಬಡಿಯುವುದರಿಂದ ಫ್ಯಾನು ನಿಂತಿದ್ದರೂ ಗೊತ್ತಾಗುವುದಿಲ್ಲ. ಅದೇ ಕಾರು ವಾರಾಂತ್ಯದಲ್ಲಿ, 1,478 ಮೀಟರ್ ಎತ್ತರದ ನಂದಿಬೆಟ್ಟದ ತಿರುವುಗಳಲ್ಲೋ, 2023ರ ಜನವರಿಯಲ್ಲಿ ಆದಿಯೋಗಿ ಪ್ರತಿಮೆ ಅನಾವರಣಗೊಂಡ ಮೇಲೆ ದಟ್ಟಣೆ ಹೆಚ್ಚಿದ ಆವಲಗುರ್ಕಿಯ ದಾರಿಯಲ್ಲೋ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಸುತ್ತಲಿನ ಇಕ್ಕಟ್ಟಿನಲ್ಲೋ ಸಾಲಿನಲ್ಲಿ ನಿಂತಾಗ ಬಿಸಿಗಾಳಿ ಉಗುಳತೊಡಗುತ್ತದೆ. ಓಡುವಾಗ ತಂಪು, ನಿಂತಾಗ ಬಿಸಿ ಎಂಬ ಈ ಲಕ್ಷಣ ಮೊದಲು ಬೆರಳು ತೋರಿಸುವುದು ಗ್ಯಾಸಿನತ್ತ ಅಲ್ಲ, ಫ್ಯಾನಿನತ್ತ. ಇಲ್ಲವೇ ಕಲ್ಲುಪುಡಿ ಘಟಕಗಳ ಲಾರಿಗಳು ಓಡಾಡುವ ರಸ್ತೆಯ ದೂಳಿನಿಂದ ಮುಚ್ಚಿಹೋದ, ಗ್ಯಾಸಿನ ಶಾಖವನ್ನು ಹೊರಹಾಕುವ ಕಂಡೆನ್ಸರಿನತ್ತ. ಇದನ್ನು ಗ್ರಾಹಕನ ಬಾಯಿಂದ ಕೇಳಿಯೂ ಗ್ಯಾಸಿನ ಸಿಲಿಂಡರಿಗೆ ಕೈ ಹಾಕುವುದು ರೋಗಿಯ ನಾಡಿ ಹಿಡಿಯದೆ ಮದ್ದು ಬರೆದಂತೆ.

ಗ್ಯಾಸಿನ ವಿಷಯ ಹೆಚ್ಚು ಬೆಳೆಸಬೇಕಾಗಿಲ್ಲ. ಸಣ್ಣ ಕಾರಿನಲ್ಲಿ ಅರ್ಧ ಕಿಲೋ ಆಸುಪಾಸು ಇರುವ ಆರ್-134ಎ ಅನಿಲ ಮುಚ್ಚಿದ ಕೊಳವೆಯೊಳಗೆ ಸುತ್ತುವ ವಸ್ತು, ಪೆಟ್ರೋಲಿನಂತೆ ಉರಿದು ಖಾಲಿಯಾಗುವಂಥದ್ದಲ್ಲ. ಅದು ಬಹುಮಟ್ಟಿಗೆ ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿಕೆಯಿದೆಯೆಂದೇ ಅರ್ಥ. ಸೋರಿಕೆ ಹುಡುಕದೆ ತುಂಬಿಸಿದ ಗ್ಯಾಸ್ ಮತ್ತೆ ಹೊರಹೋಗುತ್ತದೆ, ಮತ್ತು ಈ ಅನಿಲದ ತಾಪಕಾರಕ ಶಕ್ತಿ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಹೆಚ್ಚು.

ವಿದ್ಯುತ್ ಪರೀಕ್ಷೆಯ ವಿಷಯದಲ್ಲಿ ಸ್ಥಳೀಯ ಎಲೆಕ್ಟ್ರಿಷಿಯನ್ನರ ಕೈಯಲ್ಲಿರುವ ಟೆಸ್ಟ್ ಲ್ಯಾಂಪಿಗೆ, ಅಂದರೆ ಎರಡು ವೈರು ಕಟ್ಟಿದ 12 ವೋಲ್ಟಿನ ಬಲ್ಬಿಗೆ, ಸಲ್ಲಬೇಕಾದ ಗೌರವ ಸಂದಿಲ್ಲ. ಒಳಗೇ ತುಕ್ಕು ಹಿಡಿದು ತಡೆ ಬಹಳ ಹೆಚ್ಚಿದ ವೈರಿಗೆ ಮಲ್ಟಿಮೀಟರ್ ಹಿಡಿದರೆ ಅದು ಪೂರ್ಣ 12.6 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರು ಎಳೆದುಕೊಳ್ಳುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. 21 ವ್ಯಾಟಿನ ಬಲ್ಬಾದರೋ ಸುಮಾರು 1.75 ಆಂಪಿಯರ್ ಎಳೆಯುವುದರಿಂದ ಅಂಥ ವೈರಿನ ಮೇಲೆ ಮಂಕಾಗಿ ಉರಿದು ನಿಜ ಹೇಳುತ್ತದೆ. ಆದರೆ ಬಲ್ಬಿಗೂ ಮಿತಿಯಿದೆ. ತುಕ್ಕು ಹಿಡಿದ ಅರ್ತ್ ಬೋಲ್ಟಿನಲ್ಲಿ ಕೇವಲ 0.1 ಓಮ್ ತಡೆಯಿದ್ದರೆ ಬಲ್ಬು ಮಾಮೂಲಿನಂತೆಯೇ ಉರಿಯುತ್ತದೆ. ಅದೇ ಜಾಗದಲ್ಲಿ ಫ್ಯಾನಿನ 20 ಆಂಪಿಯರ್ ಹರಿದಾಗ 2 ವೋಲ್ಟ್ ಅಲ್ಲಿಯೇ ಕಳೆದುಹೋಗಿ, 40 ವ್ಯಾಟಿನಷ್ಟು ಶಾಖ ಹುಟ್ಟಿ, ಫ್ಯಾನು ನಿಧಾನವಾಗುತ್ತದೆ. ಇದನ್ನು ಹಿಡಿಯಲು ಫ್ಯಾನು ತಿರುಗುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಮೋಟಾರಿನ ಅರ್ತ್ ವೈರಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇಟ್ಟು ವೋಲ್ಟೇಜ್ ಇಳಿತವನ್ನು ಅಳೆಯಬೇಕು; ಅದು ಅರ್ಧ ವೋಲ್ಟ್ ದಾಟಿದರೆ ದೋಷ ಆ ಹಾದಿಯಲ್ಲಿದೆ. ಈ ಒಂದು ಅಳತೆ ರೂಢಿಯಾಗದಿರುವುದರಿಂದಲೇ ಚೆನ್ನಾಗಿರುವ ಮೋಟಾರುಗಳು ಗುಜರಿಗೆ ಹೋಗುತ್ತವೆ.

ಕಂಪ್ರೆಸರಿನ ಕ್ಲಚ್ಚಿಗೂ ಇದೇ ಗತಿ. ಬೆಳಿಗ್ಗೆ ತಂಪು ಕೊಟ್ಟು ಮಧ್ಯಾಹ್ನ ಕೈಕೊಡುವ ಎಸಿಯಲ್ಲಿ ಎಷ್ಟೋ ಸಲ ಕ್ಲಚ್ಚಿನ ಕಾಯಿಲಿನ ತಾಮ್ರ ಬಿಸಿಯೇರಿ, ಪ್ರತಿ ಡಿಗ್ರಿಗೆ ಶೇ. 0.4ರಷ್ಟು ತಡೆ ಹೆಚ್ಚಿ, ಕಾಂತಶಕ್ತಿ ಕುಗ್ಗಿರುತ್ತದೆ. ಸವೆದ ಕ್ಲಚ್ಚಿನ ತಟ್ಟೆಗಳ ನಡುವಿನ ಸಂದು ದೊಡ್ಡದಾಗಿದ್ದರೆ ಅದು ಹಿಡಿದುಕೊಳ್ಳುವುದಿಲ್ಲ. ಸಂದು ಸರಿಪಡಿಸಿದರೆ ಮುಗಿಯುವ ಇಂಥ ಕೆಲಸಕ್ಕೆ ಇಡೀ ಕಂಪ್ರೆಸರನ್ನೇ ಬದಲಾಯಿಸಬೇಕೆಂದು ಹೇಳುವುದು ಅನ್ಯಾಯ.

ಈಗ ‘ಡೈರೆಕ್ಟ್’ ವಿಚಾರ. ರಾತ್ರಿ ಹೊತ್ತು ಚಿಂತಾಮಣಿಯ ದಾರಿಯಲ್ಲಿ ಫ್ಯಾನು ನಿಂತುಹೋದ ಕುಟುಂಬವನ್ನು ಮನೆ ಮುಟ್ಟಿಸಲು ಅದು ಸರಿಯಾದ, ಜಾಣತನದ ಉಪಾಯ. ಅದನ್ನು ಹೀಗಳೆಯುವವರು ಕೆಟ್ಟು ನಿಂತ ಕಾರಿನ ಪಕ್ಕದಲ್ಲಿ ನಿಂತವರಲ್ಲ. ಅದೇ ಕೊನೆಯ ದುರಸ್ತಿಯಾಗಿ ಉಳಿದಾಗ ಮಾತ್ರ ಅಪಾಯ ಶುರುವಾಗುತ್ತದೆ. ಸಣ್ಣ ಗೇಜಿನ ವೈರು, ಡ್ಯಾಶ್‌ಬೋರ್ಡಿನ ಅಗ್ಗದ ಸ್ವಿಚ್ಚು 20 ಆಂಪಿಯರನ್ನು ಸತತವಾಗಿ ತಾಳಲಾರವು, ನಡುವೆ ಫ್ಯೂಸನ್ನೂ ಹಾಕದಿದ್ದರೆ ವೈರೇ ಫ್ಯೂಸಾಗುತ್ತದೆ. ಚಾಲಕ ಸ್ವಿಚ್ ಹಾಕಲು ಮರೆತ ಒಂದೇ ಏರುದಾರಿ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗಲು ಸಾಕು. ಮಾಡಬೇಕಾದ ಪರೀಕ್ಷೆಯೋ ಇಷ್ಟು ಸುಲಭ: ಅನೇಕ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗ ಕೂಲೆಂಟ್ ಸೆನ್ಸರಿನ ಕನೆಕ್ಟರ್ ಬಿಚ್ಚಿದರೆ ಇಸಿಎಂ ಮುನ್ನೆಚ್ಚರಿಕೆಯಾಗಿ ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸುತ್ತದೆ, ಹಾಗೆ ಓಡಿದರೆ ಮೋಟಾರು, ರಿಲೇ, ವೈರಿಂಗ್ ಮೂರೂ ಸರಿಯಿವೆ, ಹುಡುಕಬೇಕಾದ್ದು ಸೆನ್ಸರ್ ಮತ್ತು ಪ್ರೆಷರ್ ಸ್ವಿಚ್ಚಿನ ಕಡೆ.

ಹೊಸ ಕಾರುಗಳಲ್ಲಿ ಟೆಸ್ಟ್ ಲ್ಯಾಂಪಿನ ಬಳಕೆಗೆ ಎಚ್ಚರ ಬೇಕು; ಸುಮಾರು ಎರಡು ಆಂಪಿಯರ್ ಎಳೆಯುವ ಬಲ್ಬು ಇಸಿಎಂನ ಸೂಕ್ಷ್ಮ ಲೈನುಗಳನ್ನು ಸುಡಬಲ್ಲದು, ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳ ಬಳಿ ಅದನ್ನು ಒಯ್ಯಲೇಬಾರದು. ಕಂಪನಿಗಳ ವೈರಿಂಗ್ ನಕ್ಷೆಗಳು ಇಂಗ್ಲಿಷಿನಲ್ಲೇ ಇರುವುದರಿಂದ ಗುರುವಿನ ಕೈ ನೋಡಿ ಕಲಿತ ನುರಿತ ಕೆಲಸಗಾರರೂ ಇಲ್ಲಿ ತಡವರಿಸುತ್ತಾರೆ. ಅದು ಅವರ ತಪ್ಪಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್ನಿಗಿಂತ ಹೆಚ್ಚಿನ ಒಟ್ಟು ತೂಕದ ಸರಕು ಲಾರಿಗಳ ಚಾಲಕರ ಕ್ಯಾಬಿನ್ನಿಗೂ ಎಸಿ ಕಡ್ಡಾಯವಾಗಿರುವುದರಿಂದ, ಚಿಂತಾಮಣಿಯ ಟೊಮೆಟೊ ಹೊತ್ತೊಯ್ಯುವ ಹೊಸ ಲಾರಿಗಳೂ ಇದೇ ಕೈಗಳಿಗೆ ಬರಲಿವೆ.

ಕಾರಿನ ಮಾಲೀಕರು ಗ್ಯಾಸಿಗೆ ದುಡ್ಡು ಕೊಡುವ ಮೊದಲು ಬಾನೆಟ್ ತೆರೆಸಿ, ಎಸಿ ಹಾಕಿಸಿ, ಫ್ಯಾನು ತಿರುಗುತ್ತಿದೆಯೇ, ಕ್ಲಚ್ ಹಿಡಿಯುತ್ತಿದೆಯೇ ಎಂದು ಕಣ್ಣಾರೆ ನೋಡಲಿ. ದಾರಿಯಲ್ಲಿ ಡೈರೆಕ್ಟ್ ಕೊಡಿಸಿಕೊಂಡವರು ಮಾರನೆಯ ದಿನವೇ ಅದನ್ನು ಬಿಚ್ಚಿಸಿ ರಿಲೇಯ ಹಾದಿಯನ್ನು ಸರಿಮಾಡಿಸಿಕೊಳ್ಳಲಿ.