ಜಗಳವಿಲ್ಲದ ಸೃಷ್ಟಿ: ಆದಿಕಾಂಡ ಮತ್ತು ಬ್ಯಾಬಿಲೋನಿನ ನೀರು

ಬೈಬಲ್ಲಿನ ಮೊದಲ ಅಧ್ಯಾಯದಲ್ಲಿ ಜಗಳವಿಲ್ಲ. ಅಲ್ಲಿನ ದೇವರಿಗೆ ಅಪ್ಪ ಅಮ್ಮ ಇಲ್ಲ, ಹೆಂಡತಿಯಿಲ್ಲ, ದಾಯಾದಿಗಳಿಲ್ಲ, ಎದುರಾಳಿಯಂತೂ ಇಲ್ಲವೇ ಇಲ್ಲ. ಹೇಳುತ್ತಾನೆ, ಆಗುತ್ತದೆ. ನೋಡುತ್ತಾನೆ, ಚೆನ್ನಾಗಿದೆ ಅನ್ನಿಸುತ್ತದೆ. ಸಂಜೆಯಾಗುತ್ತದೆ, ಬೆಳಗಾಗುತ್ತದೆ. ಆರು ದಿನಗಳ ಕೆಲಸ ಒಂದು ಲೆಕ್ಕದ ಪುಸ್ತಕದಷ್ಟು ಶಿಸ್ತಾಗಿ ಮುಗಿಯುತ್ತದೆ. ಈ ಕಥೆಯನ್ನು ಮೊದಲಿನಿಂದ ಕೇಳಿಕೊಂಡು ಬಂದವರಿಗೆ ಸೃಷ್ಟಿ ಎಂದರೆ ಹೀಗೇ ಇರಬೇಕು ಅನ್ನಿಸುವುದು ಸಹಜ. ಆದರೆ ಇದನ್ನು ಬರೆದವನ ಕಾಲದಲ್ಲಿ, ಅವನ ಅಕ್ಕಪಕ್ಕದ ದೇಶಗಳಲ್ಲಿ, ಸೃಷ್ಟಿಯ ಕಥೆಗಳು ಹೀಗಿರಲಿಲ್ಲ. ಅವು ಗದ್ದಲದಿಂದ ತುಂಬಿದ್ದವು. ಆ ಗದ್ದಲ ಕಿವಿಗೆ ಬಿದ್ದ ಮೇಲೆ ಆದಿಕಾಂಡದ ಮೌನ ಬೇರೆಯೇ ರೀತಿ ಕೇಳಿಸುತ್ತದೆ.

ಆ ಗದ್ದಲ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಮಣ್ಣಿನಡಿ ಹೂತುಹೋಗಿತ್ತು. 19ನೆಯ ಶತಮಾನದ ಮಧ್ಯದಲ್ಲಿ ಇಂದಿನ ಇರಾಕಿನ ನಿನೆವೆಯಲ್ಲಿ ಅಸ್ಸೀರಿಯಾದ ದೊರೆ ಅಶೂರ್‌ಬನಿಪಾಲನ ಗ್ರಂಥಭಂಡಾರ ಸಿಕ್ಕಿತು. ಬೆಣೆಲಿಪಿಯ ಸಾವಿರಾರು ಮಣ್ಣಿನ ಹಲಗೆಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋದವು. ಅವುಗಳ ಮುಂದೆ ಕೂತು ಓದುವುದನ್ನು ಕಲಿತವನು ಜಾರ್ಜ್ ಸ್ಮಿತ್. ವಿಶ್ವವಿದ್ಯಾಲಯದ ಮುಖ ನೋಡದ, ನೋಟು ಅಚ್ಚುಹಾಕಲು ತಗಡು ಕೆತ್ತುವ ಕಸುಬು ಕಲಿತಿದ್ದ ಮನುಷ್ಯ. 1872ರ ಡಿಸೆಂಬರ್ 3ರಂದು, ಪ್ರಧಾನಿ ಗ್ಲ್ಯಾಡ್‌ಸ್ಟನ್ ಕೂಡ ಕೂತಿದ್ದ ಸಭೆಯಲ್ಲಿ, ನೋಹನ ಕಥೆಯನ್ನೇ ಹೋಲುವ ಒಂದು ಪ್ರಳಯದ ಕಥೆ ತನಗೆ ಸಿಕ್ಕಿದೆಯೆಂದು ಅವನು ಓದಿ ತೋರಿಸಿದ. ಅದು ಗಿಲ್ಗಮೇಶ್ ಕಾವ್ಯದ ಹನ್ನೊಂದನೆಯ ಹಲಗೆ. 1876ರಲ್ಲಿ ಬ್ಯಾಬಿಲೋನಿನ ಸೃಷ್ಟಿಕಥೆಯನ್ನೂ ಪ್ರಕಟಿಸಿ, ಅದೇ ವರ್ಷ ಅಲೆಪ್ಪೊ ಬಳಿ ಕಾಯಿಲೆಬಿದ್ದು ತೀರಿಕೊಂಡ. ವಯಸ್ಸು 36.

ಅಲ್ಲಿಂದ ಮುಂದೆ ಎರಡು ಬಣಗಳು ಹುಟ್ಟಿಕೊಂಡವು. ಬೈಬಲ್ ಬ್ಯಾಬಿಲೋನಿನಿಂದ ಕದ್ದದ್ದು ಎನ್ನುವುದು ಒಂದು. ಹೋಲಿಕೆಗಳೆಲ್ಲ ಮೇಲುಮೇಲಿನವು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎನ್ನುವುದು ಇನ್ನೊಂದು. 1902ರಲ್ಲಿ ಜರ್ಮನಿಯ ಫ್ರೀಡ್ರಿಷ್ ಡೆಲಿಚ್ 'ಬಾಬೆಲ್ ಮತ್ತು ಬೈಬಲ್' ಎಂದು ಉಪನ್ಯಾಸ ಕೊಟ್ಟಾಗ ಈ ಜಗಳ ಬೀದಿಗೆ ಬಂತು. ನನ್ನ ಮಟ್ಟಿಗೆ ಎರಡೂ ಬಣಗಳು ಸಾಹಿತ್ಯವನ್ನು ಓದುತ್ತಿಲ್ಲ, ಆಸ್ತಿಯ ದಾಖಲೆ ಓದುತ್ತಿವೆ. ಯಾರದು ಮೊದಲು ಎಂಬುದು ಗೊತ್ತಾದರೆ ಕೆಲಸ ಮುಗಿಯುವುದಿಲ್ಲ, ಆಗಷ್ಟೇ ಶುರುವಾಗುತ್ತದೆ. ಕೈಗೆ ಬಂದ ಕಥೆಯನ್ನು ಈ ಕವಿ ಏನು ಮಾಡಿದ?

ಮೊದಲು ಬ್ಯಾಬಿಲೋನಿನ ಕಥೆ. ಅದು ಏಳು ಹಲಗೆಗಳ ಕಾವ್ಯ. ಮೊದಲೆರಡು ಪದಗಳಿಂದಲೇ ಅದಕ್ಕೆ 'ಎನೂಮ ಎಲಿಶ್' ಎಂದು ಹೆಸರು. ಆದಿಯಲ್ಲಿ ಎರಡು ನೀರುಗಳಿದ್ದವು: ಸಿಹಿನೀರಿನ ಅಪ್ಸು, ಉಪ್ಪುನೀರಿನ ತಿಯಾಮತ್. ಗಂಡ ಹೆಂಡತಿಯಾಗಿ ಅವು ಬೆರೆತಾಗ ದೇವರುಗಳು ಹುಟ್ಟಿದರು. ಮಕ್ಕಳ ಗಲಾಟೆಗೆ ಅಪ್ಪನ ನಿದ್ದೆ ಕೆಟ್ಟಿತು. ಮಕ್ಕಳನ್ನೇ ಮುಗಿಸಿಬಿಡುತ್ತೇನೆಂದ. ತಾಯಿ ತಿಯಾಮತ್, ತಾನೇ ಹೆತ್ತವರನ್ನು ಕೊಲ್ಲುವುದೆಂದರೇನು ಎಂದು ಸಿಡಿದೆದ್ದಳು. ಅಷ್ಟರಲ್ಲಿ ಮಕ್ಕಳಲ್ಲಿ ಜಾಣನಾದ ಏಯ ಅಪ್ಪನನ್ನೇ ಮಲಗಿಸಿ ಕೊಂದ. ಗಂಡನ ಸೇಡಿಗೆಂದು ತಿಯಾಮತ್ ಹಾವು ಚೇಳುಗಳ ಸೇನೆ ಕಟ್ಟಿದಳು. ಅವಳೆದುರು ನಿಲ್ಲಲು ಎಲ್ಲ ದೇವರೂ ಹೆದರಿದಾಗ ಮಾರ್ದೂಕ ಮುಂದೆ ಬಂದ, ಆದರೆ ಷರತ್ತು ಹಾಕಿ: ಗೆದ್ದರೆ ನಾನೇ ಎಲ್ಲರಿಗೂ ರಾಜ. ಅವಳ ಬಾಯಿಗೆ ಗಾಳಿ ನುಗ್ಗಿಸಿ, ಉಬ್ಬಿದ ಹೊಟ್ಟೆಗೆ ಬಾಣ ಬಿಟ್ಟು, ಒಣಮೀನನ್ನು ಸೀಳುವಂತೆ ಹೆಣವನ್ನು ಎರಡು ಭಾಗ ಮಾಡಿದ. ಒಂದು ಭಾಗ ಆಕಾಶವಾಯಿತು. ಒಳಗಿನ ನೀರು ಸೋರದಂತೆ ಅಲ್ಲಿ ಕಾವಲಿಟ್ಟ. ಆಮೇಲೆ ಅವಳ ಸೇನಾಪತಿ ಕಿಂಗುವಿನ ರಕ್ತದಿಂದ ಮನುಷ್ಯರನ್ನು ಮಾಡಲಾಯಿತು, ದೇವರುಗಳ ದುಡಿಮೆಯ ಭಾರ ಹೊರಲಿಕ್ಕೆ. ಕೊನೆಗೆ ಬ್ಯಾಬಿಲೋನಿನಲ್ಲಿ ಮಾರ್ದೂಕನಿಗೆ ದೇವಾಲಯ ಎದ್ದಿತು, ಅವನ ಐವತ್ತು ಹೆಸರುಗಳ ಸ್ತೋತ್ರ ನಡೆಯಿತು.

ಇದು ಪಟ್ಟಾಭಿಷೇಕದ ಕಾವ್ಯ. ಹೊಸವರ್ಷದ ಅಕೀತು ಹಬ್ಬದ ನಾಲ್ಕನೆಯ ದಿನ ಮಾರ್ದೂಕನ ಮುಂದೆ ಅರ್ಚಕರು ಇದನ್ನು ಹೇಳುತ್ತಿದ್ದರು. ಜಗತ್ತಿನ ಹುಟ್ಟೂ ಈ ಊರಿನ ಅಧಿಕಾರವೂ ಒಂದೇ ಘಟನೆಯ ಎರಡು ಮುಖಗಳು ಎಂದು ವರ್ಷವರ್ಷವೂ ನೆನಪಿಸುವ ಏರ್ಪಾಡು.

ಇದಕ್ಕಿಂತ ಹಳೆಯದೂ, ನನ್ನ ರುಚಿಗೆ ಇದಕ್ಕಿಂತ ದೊಡ್ಡದೂ ಆದ ಇನ್ನೊಂದು ಕಾವ್ಯವಿದೆ: 'ಅತ್ರಹಸಿಸ್'. ಅದರ ಮುಖ್ಯ ಪ್ರತಿ ಕ್ರಿ.ಪೂ. 17ನೆಯ ಶತಮಾನದ್ದು. ಅದರಲ್ಲಿ ಸಣ್ಣ ದೇವರುಗಳು ದೊಡ್ಡ ದೇವರುಗಳಿಗಾಗಿ ಕಾಲುವೆ ತೋಡುವ ಕೂಲಿಗಳು. ಸಾಕಾಗಿ, ಗುದ್ದಲಿ ಬುಟ್ಟಿಗಳಿಗೆ ಬೆಂಕಿ ಹಚ್ಚಿ, ನಡುರಾತ್ರಿ ಎನ್ಲಿಲ್‌ನ ಮನೆಗೆ ಮುತ್ತಿಗೆ ಹಾಕುತ್ತಾರೆ. ಮುಷ್ಕರದ ಮುಂದಾಳು ಯಾರೆಂದು ವಿಚಾರಣೆ ನಡೆದರೆ, ನಾವೆಲ್ಲರೂ ಎಂಬುದು ಅವರ ಉತ್ತರ. ಕೊನೆಗೆ ರಾಜಿಯಾಗುತ್ತದೆ. ಒಬ್ಬ ದೇವರನ್ನು ಕೊಂದು, ಅವನ ರಕ್ತ ಮಾಂಸವನ್ನು ಜೇಡಿಮಣ್ಣಿಗೆ ಕಲಸಿ, ಬದಲಿ ಕೂಲಿಯಾಗಿ ಮನುಷ್ಯನನ್ನು ಮಾಡುತ್ತಾರೆ. ಕಾಲುವೆ ತೋಡಿ ಬದುಕಿದ ನಾಡಿನವರಿಗೆ ಮಾತ್ರ ಹೊಳೆಯಬಹುದಾದ ಕಥೆ ಇದು. ದುಡಿಮೆ ಯಾಕೆ, ಯಾರಿಗಾಗಿ ಎಂಬ ಪ್ರಶ್ನೆಯನ್ನು ಮುಚ್ಚುಮರೆಯಿಲ್ಲದೆ ಕೇಳುತ್ತದೆ.

ಇವುಗಳನ್ನು ಓದಿ ಮತ್ತೆ ಆದಿಕಾಂಡಕ್ಕೆ ಬಂದರೆ, ಅದರ ಎರಡನೆಯ ವಾಕ್ಯದಲ್ಲೇ ಕತ್ತಲೆ ಕವಿದ ಆಳವಾದ ನೀರು ಸಿಗುತ್ತದೆ. ಹೀಬ್ರೂವಿನಲ್ಲಿ ಅದರ ಹೆಸರು 'ತೆಹೋಮ್'. ತಿಯಾಮತ್ ಮತ್ತು ತೆಹೋಮ್ ಪದಗಳ ಹೋಲಿಕೆ ಹಿಡಿದು 1895ರಲ್ಲಿ ಹರ್ಮನ್ ಗುಂಕೆಲ್, ಆದಿಕಾಂಡದ ಹಿಂದೆ ಬ್ಯಾಬಿಲೋನಿನ ಯುದ್ಧದ ಪುರಾಣವೇ ಇದೆಯೆಂದು ವಾದಿಸಿದ. ಬಹುಕಾಲ ಇದೇ ಪಾಠವಾಗಿತ್ತು, ಈಗಲೂ ಜನಪ್ರಿಯ ಪುಸ್ತಕಗಳಲ್ಲಿ ಇದೇ ಪಾಠ. ಆದರೆ ತೆಹೋಮ್ ಎಂಬುದು ತಿಯಾಮತ್ತಿನಿಂದ ಹುಟ್ಟಿದ ಪದವಲ್ಲ. ಎರಡೂ ಕಡಲನ್ನು ಹೇಳುವ ಒಂದೇ ಹಳೆಯ ಸೆಮಿಟಿಕ್ ಬೇರಿನಿಂದ ಬಂದ ಸೋದರಿಯರು. 1929ರಲ್ಲಿ ಸಿರಿಯಾದ ಕರಾವಳಿಯ ರಾಸ್ ಶಮ್ರಾದಲ್ಲಿ ಉಗಾರಿತ್ ಪಟ್ಟಣದ ಉತ್ಖನನ ಶುರುವಾದ ಮೇಲೆ ಚಿತ್ರ ಇನ್ನಷ್ಟು ಬದಲಾಯಿತು. ಅಲ್ಲಿನ ಹಲಗೆಗಳಲ್ಲಿ ಬಾಳ್ ದೇವರು ಯಮ್ ಎಂಬ ಕಡಲ ದೇವರ ಜತೆ ಕಾದಾಡುತ್ತಾನೆ. ಲೋತಾನ್ ಎಂಬ ಸುರುಳಿಹಾವಿನ ವಧೆಯ ಮಾತೂ ಬರುತ್ತದೆ. ಇದೇ ಬೈಬಲ್ಲಿನ ಲಿವ್ಯಾತಾನ್. ಅಂದರೆ ಕಡಲಿನೊಂದಿಗಿನ ಯುದ್ಧದ ಕಥೆಗಾಗಿ ಇಸ್ರೇಲಿನವರು ಬ್ಯಾಬಿಲೋನಿನವರೆಗೆ ಹೋಗಬೇಕಿರಲಿಲ್ಲ, ನೆರೆಮನೆಯಲ್ಲೇ ಅದಿತ್ತು. ತಮ್ಮ ಮನೆಯಲ್ಲೂ ಇತ್ತು: 74ನೆಯ ಕೀರ್ತನೆಯಲ್ಲಿ ದೇವರು ಲಿವ್ಯಾತಾನಿನ ತಲೆಗಳನ್ನು ಜಜ್ಜುತ್ತಾನೆ, ಯೆಶಾಯನ 51ನೆಯ ಅಧ್ಯಾಯದಲ್ಲಿ ರಹಬ್ ಎಂಬ ಘಟಸರ್ಪವನ್ನು ತುಂಡರಿಸುತ್ತಾನೆ.

ಹಾಗಾಗಿ ಆದಿಕಾಂಡದ ಮೊದಲ ಅಧ್ಯಾಯದ ಕವಿಗೆ ಆ ಯುದ್ಧ ಗೊತ್ತಿರಲಿಲ್ಲ ಎನ್ನಲಾಗದು. ಗೊತ್ತಿದ್ದೂ ಬಿಟ್ಟಿದ್ದಾನೆ. ಎಲ್ಲಿ ಬಿಟ್ಟಿದ್ದಾನೆಂದು ನೋಡುವುದೇ ಈ ಓದಿನ ಸುಖ. ಐದನೆಯ ದಿನ ನೀರಿನ ಜೀವಿಗಳ ಸೃಷ್ಟಿಯಲ್ಲಿ 'ತನ್ನೀನಿಮ್' ಎಂಬ ಪದ ಬರುತ್ತದೆ. ಬೇರೆಡೆ ದೇವರಿಂದ ಏಟು ತಿನ್ನುವ ಕಡಲ ಘಟಸರ್ಪಗಳವು. ಇಲ್ಲಿ ಅವು ಮೀನುಗಳ ಜತೆ ಪಟ್ಟಿಯಲ್ಲಿ ಸೇರಿದ ಜೀವಿಗಳು. ಅವುಗಳಿಗಾಗಿ ಕವಿ ಬಳಸುವ ಕ್ರಿಯಾಪದ 'ಬಾರಾ', ಸೃಷ್ಟಿಸಿದ ಎಂದು. ಮೊದಲ ಅಧ್ಯಾಯದಲ್ಲಿ ಈ ಪದ ಮೂರೇ ವಾಕ್ಯಗಳಲ್ಲಿ ಬರುತ್ತದೆ: ಆಕಾಶ ಭೂಮಿಗಳಿಗೆ, ಮನುಷ್ಯನಿಗೆ, ಮತ್ತೆ ಈ ಕಡಲ ಪ್ರಾಣಿಗಳ ಸಾಲಿಗೆ. ಕೊಲ್ಲಬೇಕಿದ್ದ ವೈರಿಯನ್ನು ಹುಟ್ಟಿಸಿ, ಚೆನ್ನಾಗಿದೆ ಎಂದು ಹೇಳಿ, ಆಶೀರ್ವಾದವನ್ನೂ ಕೊಟ್ಟುಬಿಡುವ ಈ ನಡೆ ಯಾವ ವಾದಕ್ಕಿಂತ ಹರಿತವಾಗಿದೆ.

ನಾಲ್ಕನೆಯ ದಿನದ ಕಥೆಯೂ ಅಷ್ಟೇ. ಸೂರ್ಯ ಚಂದ್ರರ ಹೆಸರನ್ನು ಕವಿ ಎತ್ತುವುದಿಲ್ಲ. ದೊಡ್ಡ ಬೆಳಕು, ಚಿಕ್ಕ ಬೆಳಕು, ಅಷ್ಟೇ. ಹೀಬ್ರೂವಿನಲ್ಲಿ ಸೂರ್ಯನಿಗೆ 'ಶೆಮೆಶ್' ಎಂಬ ಪದವಿದೆ. ಬ್ಯಾಬಿಲೋನಿನಲ್ಲಿ ಶಮಶ್ ಎಂದರೆ ನ್ಯಾಯ ನೀಡುವ ದೊಡ್ಡ ದೇವರು. ಹೆಸರು ಎತ್ತಿದರೆ ದೇವರು ಒಳಗೆ ಬಂದಂತೆ. ಅದಕ್ಕೇ ಅವು ಹೆಸರಿಲ್ಲದ ದೀಪಗಳು, ಹಬ್ಬದ ದಿನ ಗೊತ್ತುಮಾಡಲು ತೂಗುಹಾಕಿದವು.

ಈ ಅಧ್ಯಾಯ ರೂಪುಗೊಂಡದ್ದು ಕ್ರಿ.ಪೂ. 6ನೆಯ ಶತಮಾನದಲ್ಲಿ ಅಥವಾ ಅದರ ಆಸುಪಾಸಿನಲ್ಲಿ, ಪುರೋಹಿತ ವರ್ಗದ ಲೇಖಕರಿಂದ ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿನ ಸೇನೆ ಯೆರೂಸಲೇಮಿನ ದೇವಾಲಯವನ್ನು ಸುಟ್ಟು, ಯೆಹೂದದ ಜನರನ್ನು ಸೆರೆಯೊಯ್ದ ಕಾಲ. ದೇವಾಲಯ ಕಳೆದುಕೊಂಡವರು, ಮಾರ್ದೂಕನ ದೇವಾಲಯದ ನೆರಳಲ್ಲಿ ಬದುಕಿದವರು. ಎನೂಮ ಎಲಿಶ್ ದೇವಾಲಯದಲ್ಲಿ ಮುಗಿಯುತ್ತದೆ. ಆದಿಕಾಂಡದ ಸೃಷ್ಟಿ ಮುಗಿಯುವುದು ಒಂದು ದಿನದಲ್ಲಿ, ವಿರಾಮದ ಏಳನೆಯ ದಿನದಲ್ಲಿ. ಕಟ್ಟಡವನ್ನು ಸುಡಬಹುದು, ವಾರದ ಒಂದು ದಿನವನ್ನು ಸುಡುವುದು ಹೇಗೆ? ಬ್ಯಾಬಿಲೋನಿನಲ್ಲಿ ಮನುಷ್ಯರು ದುಡಿದಿದ್ದರಿಂದ ದೇವರುಗಳಿಗೆ ವಿಶ್ರಾಂತಿ. ಇಲ್ಲಿ ದೇವರ ವಿಶ್ರಾಂತಿಯ ನೆಪದಲ್ಲಿ, ವಿಮೋಚನಕಾಂಡದ ಪ್ರಕಾರ, ಆಳಿಗೂ ಎತ್ತಿಗೂ ರಜೆ.

ಮನುಷ್ಯ ದೇವರ ಪ್ರತಿರೂಪ ಎಂಬ ಮಾತನ್ನೂ ಇಲ್ಲೇ ನೋಡಬೇಕು. ಅಲ್ಲಿರುವ 'ತ್ಸೆಲೆಮ್' ಎಂಬ ಪದಕ್ಕೆ ವಿಗ್ರಹ ಎಂದೂ ಅರ್ಥ. ಅಕ್ಕಾಡಿಯನ್ನಿನ 'ಸಲ್ಮು' ಅದರ ಸೋದರ ಪದ. ಆ ಸೀಮೆಯಲ್ಲಿ ದೇವರ ಪ್ರತಿಮೆ ಎನ್ನಿಸಿಕೊಳ್ಳುವ ಗೌರವ ರಾಜನದು. ಈಜಿಪ್ಟಿನ ತೂತನ್‌ಖಾಮುನ್‌ನ ಹೆಸರಿಗೇ ಅಮುನನ ಜೀವಂತ ಪ್ರತಿಮೆ ಎಂದು ಅರ್ಥ. ಆದಿಕಾಂಡ ಆ ಬಿರುದನ್ನು ರಾಜನಿಂದ ಕಿತ್ತು ಗಂಡು ಹೆಣ್ಣೆನ್ನದೆ ಎಲ್ಲರಿಗೂ ಹಂಚುತ್ತದೆ. ಸೆರೆಯಾಳುಗಳ ನಡುವೆ ಕೂತು ಬರೆದ ಮಾತೆಂದು ಓದಿದರೆ ಅದರ ಬಿಸಿ ತಟ್ಟುತ್ತದೆ.

ಕನ್ನಡದ ಓದುಗರಿಗೆ ಈ ಬಗೆಯ ಬರವಣಿಗೆ ಹೊಸದಲ್ಲ. ನಾಗಚಂದ್ರನ 'ರಾಮಚಂದ್ರಚರಿತಪುರಾಣ'ದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಪಂಪನ ದ್ರೌಪದಿ ಅರ್ಜುನನೊಬ್ಬನನ್ನೇ ಮದುವೆಯಾಗುತ್ತಾಳೆ. ಇವರು ವ್ಯಾಸ ವಾಲ್ಮೀಕಿಗಳಿಂದ ಕದ್ದರು ಎಂದು ನಾವು ಹೇಳುವುದಿಲ್ಲ, ಸಂಬಂಧವೇ ಇಲ್ಲ ಎಂದೂ ಹೇಳುವುದಿಲ್ಲ. ಮುರಿದು ಕಟ್ಟಿದರು ಎನ್ನುತ್ತೇವೆ. ಆದಿಕಾಂಡಕ್ಕೂ ಅದೇ ನ್ಯಾಯ ಸಲ್ಲಬೇಕು. (ಋಗ್ವೇದದ ನಾಸದೀಯ ಸೂಕ್ತದಲ್ಲೂ ಆದಿಯ ಕತ್ತಲೆ, ಆದಿಯ ನೀರು ಇವೆಯಲ್ಲ ಎಂದು ಯಾರಾದರೂ ಕೇಳಬಹುದು. ಇವೆ. ಆದರೆ ಇಬ್ಬರಿಗೂ ಒಂದೇ ಬಗೆಯ ಬೆರಗು ಹುಟ್ಟಿದೆ ಎಂಬುದು ಬೇರೆ, ಒಬ್ಬರು ಇನ್ನೊಬ್ಬರಿಗೆ ಉತ್ತರ ಕೊಡುತ್ತಿದ್ದಾರೆ ಎಂಬುದು ಬೇರೆ.)

ಮುರಿದು ಕಟ್ಟಿದ ಮನೆಯಲ್ಲಿ ಹಳೆಯ ತೊಲೆಗಳು ಉಳಿದೇ ಇರುತ್ತವೆ. ಮನುಷ್ಯನನ್ನು ಮಾಡುವಾಗ ದೇವರು ಇದ್ದಕ್ಕಿದ್ದಂತೆ ಬಹುವಚನದಲ್ಲಿ ಮಾತಾಡುತ್ತಾನೆ, ಎದುರಿಗೆ ಒಂದು ದೇವಸಭೆ ಕೂತಿದೆಯೋ ಎಂಬಂತೆ. ಮಾತಿನಿಂದ ಸೃಷ್ಟಿ ಎಂಬುದೂ ಈ ಕವಿಯೊಬ್ಬನದೇ ಅಲ್ಲ. ಈಜಿಪ್ಟಿನ ಮೆಂಫಿಸ್ ನಗರದ ಪ್ತಾಹ್ ದೇವರು ಮನಸ್ಸು ನಾಲಗೆಗಳಿಂದ ಸೃಷ್ಟಿಸುತ್ತಾನೆ, ಮಾರ್ದೂಕನೂ ಯುದ್ಧಕ್ಕೆ ಮುಂಚೆ ಬರೀ ಮಾತಿನಿಂದ ಅಳಿಸಿ ಉಳಿಸಿ ತೋರಿಸುತ್ತಾನೆ. ಇನ್ನು ಎರಡನೆಯ ಅಧ್ಯಾಯ ಬೇರೆಯೇ ಕೈ. ಅದರ ದೇವರು ಕುಂಬಾರನ ಹಾಗೆ ಮಣ್ಣು ಮುಟ್ಟುತ್ತಾನೆ. 'ಅದಾಮಾ' ಎಂಬ ಮಣ್ಣಿನಿಂದ 'ಆದಾಮ್' ಹುಟ್ಟುತ್ತಾನೆ. ಅತ್ರಹಸಿಸ್‌ನ ಜೇಡಿ ಇಲ್ಲಿದೆ, ಕೊಂದ ದೇವರ ರಕ್ತವಿಲ್ಲ. ಅದರ ಜಾಗದಲ್ಲಿ ಉಸಿರು. ಆದರೆ ತೋಟದ ಕೆಲಸಕ್ಕೇ ಮನುಷ್ಯನನ್ನು ನೇಮಿಸುವಲ್ಲಿ ಹಳೆಯ ಕೂಲಿಯ ನೆನಪು ಪೂರ್ತಿ ಹೋಗಿಲ್ಲ.

ಎಲ್ಲಕ್ಕಿಂತ ಸ್ಪಷ್ಟ ಉತ್ತರ ಇರುವುದು ಪ್ರಳಯದ ಕೊನೆಯಲ್ಲಿ. ಅತ್ರಹಸಿಸ್‌ನಲ್ಲಿ ಪ್ರಳಯಕ್ಕೆ ಕಾರಣ ಹೆಚ್ಚಿದ ಜನರ ಗದ್ದಲ, ಎನ್ಲಿಲ್‌ನ ಕೆಟ್ಟ ನಿದ್ದೆ. ಪ್ರಳಯದ ನಂತರ ದೇವರುಗಳು ಜನಸಂಖ್ಯೆಗೆ ಕಡಿವಾಣ ಹಾಕುತ್ತಾರೆ: ಇನ್ನು ಮುಂದೆ ಬಂಜೆಯರಿರಲಿ, ಹೆರದ ಅರ್ಚಕಿಯರಿರಲಿ, ತಾಯ ಮಡಿಲಿಂದ ಕೂಸನ್ನು ಕಸಿಯುವ ಪಿಶಾಚಿ ಇರಲಿ. ಆದಿಕಾಂಡದಲ್ಲಿ ಪ್ರಳಯಕ್ಕೆ ಕಾರಣ ಹಿಂಸೆ. ನೀರಿಳಿದ ಮೇಲೆ ನೋಹನ ಮಕ್ಕಳಿಗೆ ಸಿಗುವುದು ಹೆಚ್ಚಿರಿ, ಭೂಮಿ ತುಂಬಿರಿ ಎಂಬ ಹರಕೆ.

ಇಷ್ಟೆಲ್ಲ ಮೆಚ್ಚಿದರೂ ಒಂದು ತಕರಾರು ನನಗೆ ಉಳಿದಿದೆ. ಜಗಳ ತೆಗೆದಾಗ ಕವಿ ಮನೆಯ ಜನರನ್ನೂ ತೆಗೆದುಬಿಟ್ಟ. ಹೆತ್ತವರನ್ನು ಕೊಲ್ಲುವುದೆಂದರೇನು ಎಂದು ಕೂಗಿದ ತಿಯಾಮತ್ ಇಲ್ಲಿ ಬರೀ ನೀರು. ಗುದ್ದಲಿಗೆ ಬೆಂಕಿ ಹಚ್ಚಿದ ಕೂಲಿದೇವರಿಗೆ ಇಲ್ಲಿ ಜಾಗವಿಲ್ಲ. ಎಲ್ಲವೂ ಚೆನ್ನಾಗಿರುವ ಜಗತ್ತಿನಲ್ಲಿ ಕೂಸು ಸತ್ತ ತಾಯಿ ಯಾರನ್ನು ಕೇಳಬೇಕು? ಅತ್ರಹಸಿಸ್ ಅದಕ್ಕೆ ಕ್ರೂರವಾದರೂ ಒಂದು ಕಾರಣ ಕೊಡುತ್ತದೆ. ಆದಿಕಾಂಡದ ಮೊದಲ ಅಧ್ಯಾಯಕ್ಕೆ ಆ ಪ್ರಶ್ನೆಯೇ ಇಲ್ಲ. ಬೈಬಲ್ಲಿಗೆ ಇದೆ. ಹತ್ತು ಮಕ್ಕಳನ್ನು ಕಳೆದುಕೊಂಡ ಯೋಬ ಅದನ್ನು ಕೇಳುತ್ತಾನೆ. ಸುಂಟರಗಾಳಿಯೊಳಗಿಂದ ಬರುವ ದೇವರ ಉತ್ತರದಲ್ಲಿ ಬಾಗಿಲು ಹಾಕಿ ತಡೆದ ಕಡಲಿದೆ, ಯಾರ ಗಾಳಕ್ಕೂ ಸಿಗದ ಲಿವ್ಯಾತಾನ್ ಇದೆ. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಂತೂ ಘಟಸರ್ಪದೊಂದಿಗಿನ ಯುದ್ಧವೇ ಮರಳಿ ಬರುತ್ತದೆ. ಅಲ್ಲಿ ಕಾಣುವ ಹೊಸ ಆಕಾಶ ಹೊಸ ಭೂಮಿಯಲ್ಲಿ ಕಡಲಿಲ್ಲ.