ಮಸೆಯದ ಕಿರುಗತ್ತಿ

ಎದೊ ಕಾಲದ (1603–1868) ಜಪಾನಿನಲ್ಲಿ ಸಮುರಾಯಿ ಎನಿಸಿಕೊಂಡವನು ಸೊಂಟದಲ್ಲಿ ಎರಡು ಕತ್ತಿಗಳನ್ನು ಧರಿಸುತ್ತಿದ್ದನು. ಅವುಗಳಲ್ಲಿ ಕಿರಿದಾದ ವಾಕಿಜಾಶಿಯ ಅಲಗು ಸುಮಾರು 30ರಿಂದ 60 ಸೆಂಟಿಮೀಟರುಗಳಷ್ಟು ಉದ್ದವಾದುದು. 1876ರ ಆಜ್ಞೆಯಿಂದ ಕತ್ತಿ ಧರಿಸಿ ಬೀದಿಯಲ್ಲಿ ನಡೆಯುವ ವಾಡಿಕೆ ನಿಂತಿತು. ಆದರೆ ಕತ್ತಿಯ ವಿದ್ಯೆ ನಿಲ್ಲಲಿಲ್ಲ. ಇಂದು ಕೆಂದೊ ವಿದ್ಯೆಯಲ್ಲಿ ಕಲಿಸುವ ಹತ್ತು ಕತಾಗಳಲ್ಲಿ ಕೊನೆಯ ಮೂರು ಕಿರುಗತ್ತಿಗೆ ಮೀಸಲಾಗಿವೆ. ಅವುಗಳ ಅಭ್ಯಾಸಕ್ಕೆ ಮರದ ಕತ್ತಿ ಸಾಕು. ಪ್ರದರ್ಶನಕ್ಕೆ ಬಾಯಿ ಮೊಂಡು ಮಾಡಿದ ಉಕ್ಕಿನ ಕತ್ತಿಯೂ ಉಂಟು. ಒರೆಯಿಂದ ಹಿರಿಯುವ ವಿದ್ಯೆಯಾದ ಇಆಯಿಗೆ ಸತು ಮತ್ತು ಅಲ್ಯೂಮಿನಿಯಂ ಬೆರೆತ ಲೋಹದ, ಮಸೆಯದ ಅಲಗು ರೂಢಿಯಲ್ಲಿದೆ.

ಇಂತಹ ಕತ್ತಿಯನ್ನು ಯಾರೂ ಸುಳ್ಳು ಕತ್ತಿಯೆಂದು ಹಳಿಯುವುದಿಲ್ಲ. ಅದಕ್ಕೆ ಬಾಯಿಯಿಲ್ಲವೆಂಬುದನ್ನು ಹಿಡಿದವನೂ ಬಲ್ಲನು, ಎದುರಿಗೆ ನಿಂತವನೂ ಬಲ್ಲನು. ಈ ತಿಳಿವು ಒಬ್ಬನಲ್ಲಿದ್ದು ಇನ್ನೊಬ್ಬನಲ್ಲಿ ಇಲ್ಲದಾಗ ಅದೇ ಮೊಂಡು ಅಲಗು ಕಾವ್ಯವಸ್ತುವಾಗುತ್ತದೆ. ಜಪಾನಿನ ದೃಶ್ಯಕಾವ್ಯದ ಎರಡು ಕೃತಿಗಳನ್ನು ಈ ದೃಷ್ಟಿಯಿಂದ ನೋಡಬಹುದು.

ಮೊದಲನೆಯದು 1748ರಲ್ಲಿ ಒಸಾಕದಲ್ಲಿ ಬೊಂಬೆಯಾಟವಾಗಿ ರಂಗವೇರಿದ ‘ಕನದೆಹೊನ್ ಚೂಶಿಂಗುರ’. ನಾಲ್ಕನೆಯ ಅಂಕದಲ್ಲಿ ಹೊಟ್ಟೆ ಬಗಿದುಕೊಂಡು ಸಾಯುವ ಒಡೆಯನು ಆ ಕಿರಿಯ ಅಲಗನ್ನೇ ನೆನಪಿನ ವಸ್ತುವಾಗಿ ಯುರಾನೊಸುಕೆಗೆ ಬಿಟ್ಟುಹೋಗುತ್ತಾನೆ. ಏಳನೆಯ ಅಂಕದಲ್ಲಿ ಯುರಾನೊಸುಕೆ ಕುಡಿತದಲ್ಲಿಯೂ ವಿಲಾಸದಲ್ಲಿಯೂ ಮುಳುಗಿದವನಂತೆ ನಟಿಸುತ್ತಿರುವನು. ಅವನು ಮರೆತಂತೆ ಬಿಟ್ಟುಹೋದ ಕತ್ತಿಯನ್ನು ಗೂಢಚಾರರು ಹಿರಿದು ನೋಡಿದರೆ ಅಲಗೆಲ್ಲ ತುಕ್ಕು. ಈತನಿಂದ ಇನ್ನು ಭಯವಿಲ್ಲವೆಂದು ಅವರು ನಗುತ್ತಾರೆ. ಪ್ರೇಕ್ಷಕನಿಗಾದರೋ ಆ ತುಕ್ಕಿನ ಹಿಂದೆ ಹರಿತವಾಗಿ ಕಾದಿರುವ ಸಂಕಲ್ಪವು ಗೋಚರವಾಗುತ್ತದೆ. ಇಲ್ಲಿ ಮೊಂಡುತನವು ವೀರದ ವೇಷ. ಅಲಗು ಕೆಟ್ಟಷ್ಟೂ ವ್ರತವು ದೃಢವೆಂಬುದೇ ಧ್ವನಿ.

ಎರಡನೆಯದು ಕೊಬಾಯಾಶಿ ಮಸಾಕಿಯ 1962ರ ಚಲಚ್ಚಿತ್ರ ‘ಸೆಪ್ಪುಕು’. ಇದರಲ್ಲಿ ಸಂಕೇತವು ತಲೆಕೆಳಗಾಗಿದೆ. ಕಾಲ 1630. ಒಡೆಯನಿಲ್ಲದ ಬಡ ಸಮುರಾಯಿ ಮೊತೊಮೆಯು ರೋಗಪೀಡಿತರಾದ ಹೆಂಡತಿ ಮಕ್ಕಳಿಗಾಗಿ ತನ್ನ ಅಲಗುಗಳನ್ನು ಮಾರಿ, ಒರೆಯಲ್ಲಿ ಬಿದಿರಿನ ಅಲಗನ್ನು ಇಟ್ಟುಕೊಂಡಿರುವನು. ಇಂತಹ ಬಿದಿರಲಗಿಗೆ ಜಪಾನೀಯರು ‘ತಕೆಮಿತ್ಸು’ ಎನ್ನುತ್ತಾರೆ. ಕನೆಮಿತ್ಸು ಮೊದಲಾದ ಪ್ರಸಿದ್ಧ ಕಮ್ಮಾರರ ಹೆಸರನ್ನು ಅಣಕಿಸುವ ಮಾತಿದು. ಈ ನಗೆಮಾತನ್ನೇ ಕೃತಿಯು ದುರಂತದ ಬೀಜವಾಗಿ ಮಾಡಿದೆ. ಈಯಿ ಮನೆತನದ ಅಂಗಳದಲ್ಲಿ ಸಾಯುವೆನೆಂದು ಹೇಳಿ ನೆರವು ಬಯಸಿದ ಅವನನ್ನು, ಆ ಮನೆಯವರು ಮಾತಿಗೆ ಕಟ್ಟುಹಾಕಿ, ಬಿದಿರಿನ ಕಿರುಗತ್ತಿಯಿಂದಲೇ ಹೊಟ್ಟೆ ಬಗಿದುಕೊಳ್ಳುವಂತೆ ಮಾಡುತ್ತಾರೆ.

ಔಚಿತ್ಯವೇ ಕಾವ್ಯದ ಜೀವವೆಂದು ಸಾರಿದ ಕ್ಷೇಮೇಂದ್ರನ ಮಾತಿಗೆ ಈ ದೃಶ್ಯವು ವಿಚಿತ್ರವಾದ ನಿದರ್ಶನ. ಆಚಾರದ ಪ್ರತಿಯೊಂದು ಅಂಗವೂ ಅಲ್ಲಿ ಉಚಿತವಾಗಿಯೇ ಇದೆ: ಉಡುಪು, ಆಸನ, ಸಾಕ್ಷಿಗಳು. ಅಲಗೊಂದೇ ಅನುಚಿತ. ಆ ಒಂದು ಅನೌಚಿತ್ಯವು ಉಳಿದೆಲ್ಲ ಔಚಿತ್ಯವನ್ನು ಕ್ರೌರ್ಯವೆಂದು ಬಯಲಿಗೆಳೆಯುತ್ತದೆ. ಚಿತ್ರದ ಆದಿಯಲ್ಲಿ ಕಾಣುವ, ಒಳಗೆ ಆಳಿಲ್ಲದ ಕವಚವೂ ಅಂಥದೇ ಪ್ರದರ್ಶನವಸ್ತು. ಆದರೆ ಅದನ್ನು ಪೂಜಿಸುವರು, ಬಿದಿರಿನ ಅಲಗನ್ನು ದಂಡಿಸುವರು. ಎರಡೂ ಪೊಳ್ಳು, ಒಂದು ಅಧಿಕಾರದ ಪೊಳ್ಳು, ಇನ್ನೊಂದು ಹಸಿವಿನ ಪೊಳ್ಳು.

ಈ ಕಥೆಯನ್ನೇ ಮಿಯಿಕೆ ತಕಾಶಿಯು 2011ರಲ್ಲಿ ಮತ್ತೆ ಚಿತ್ರಿಸಿದನು. ಅದರ ಅಂತ್ಯದಲ್ಲಿ ಮೊತೊಮೆಯ ಮಾವ ಹನ್ಶಿರೊ ತಾನೂ ಬಿದಿರಿನ ಕತ್ತಿಯನ್ನೇ ಹಿಡಿದು ಇಡೀ ಮನೆಯವರನ್ನು ಎದುರಿಸುತ್ತಾನೆ. ಅಳಿಯನ ಅವಮಾನವನ್ನು ಮಾವನು ಧ್ವಜವಾಗಿ ಎತ್ತುವ ಈ ಕಲ್ಪನೆಯು ಮನೋಹರವೇ ಸರಿ. ಆದರೂ 1962ರ ಕೃತಿಯ ತೂಕ ಇದಕ್ಕಿಲ್ಲ. ಅಲ್ಲಿ ಹನ್ಶಿರೊವಿನ ಕೈಯಲ್ಲಿರುವುದು ನಿಜವಾದ ಉಕ್ಕು. ಮನೆಯವರು ಸಾಯುತ್ತಿದ್ದಾಗಲೂ ಅದನ್ನು ಮಾರುವ ಯೋಚನೆಯೇ ತನಗೆ ಹೊಳೆಯಲಿಲ್ಲವೆಂಬ ಪಶ್ಚಾತ್ತಾಪವು ಅವನನ್ನು ಸುಡುತ್ತದೆ. ಶತ್ರುವಿನ ಪೊಳ್ಳನ್ನು ಸೀಳಲು ಹೊರಟವನು ಅದೇ ಪೊಳ್ಳನ್ನು ತನ್ನ ಸೊಂಟದಲ್ಲಿಯೂ ಕಂಡಿದ್ದಾನೆ. ಅವನ ಕೈಗೆ ಬಿದಿರನ್ನು ಕೊಟ್ಟೊಡನೆ ಆ ಅಪರಾಧವು ತೊಳೆದುಹೋಗಿ, ಕರುಣದೊಳಗಿನ ಆತ್ಮಪರೀಕ್ಷೆಯು ಮಾಯವಾಗುತ್ತದೆ. ಉಳಿಯುವುದು ಆತನ ನಿರ್ದೋಷವಾದ ಸಾಹಸ ಮಾತ್ರ.

ಕಡೆಗೆ ಮನೆತನದ ದಿನಚರಿಯು ಸತ್ತವರನ್ನು ರೋಗದಿಂದ ಸತ್ತವರೆಂದು ಬರೆದುಕೊಳ್ಳುತ್ತದೆ. ಉರುಳಿಬಿದ್ದ ಕವಚವು ಮೊದಲಿನಂತೆಯೇ ನಿಲ್ಲುತ್ತದೆ. ಅಭ್ಯಾಸಶಾಲೆಯ ಮೊಂಡುಗತ್ತಿಯು ಎದುರಾಳಿಯ ಮೈಯನ್ನು ಕಾಯುವುದಕ್ಕಾಗಿ ಹುಟ್ಟಿದುದು. ಮೊತೊಮೆಯ ಬಿದಿರಲಗು ಮಡದಿ ಮಕ್ಕಳನ್ನು ಕಾಯುವುದಕ್ಕಾಗಿ. ಕೊಲ್ಲಲಾರದ ಆ ಕತ್ತಿಯಿಂದಲೇ ಕೊಲ್ಲಿಸಿದವರು ಅದರ ಅರ್ಥವನ್ನು ಅರಿಯದೆಹೋದರು. ಅದನ್ನು ಸಹೃದಯನಿಗೆ ಅರಿಯಪಡಿಸಿರುವುದರಲ್ಲಿಯೇ ಈ ಕೃತಿಯ ಹಿರಿಮೆಯು ನೆಲೆಸಿದೆ.